ಅದು ಏಣಿಯಲ್ಲ

ಸಂತ ಲಾರೆನ್ಸರು ಯಾರು, ಚಿತ್ರಗಳಲ್ಲಿ ಅವರ ಕೈಯಲ್ಲಿ ಏಣಿ ಯಾಕಿರುತ್ತದೆ ಅಂತ ಕೇಳಿದ್ದೀರಿ. ಅದು ಏಣಿಯಲ್ಲ. ಕೆಂಡದ ಮೇಲಿಟ್ಟು ಮಾಂಸ ಸುಡುವ ಕಬ್ಬಿಣದ ಜಾಲರಿ. ಸಣ್ಣವನಿದ್ದಾಗ ನಾನೂ ಏಣಿ ಅಂತಲೇ ತಿಳಿದಿದ್ದೆ. ಉದ್ದುದ್ದ ಸರಳುಗಳ ಜಾಲರಿಯನ್ನು ನಿಲ್ಲಿಸಿ ಬರೆದರೆ ಹಾಗೇ ಕಾಣುತ್ತದೆ, ಅಲ್ವಾ?

ಲಾರೆನ್ಸರು ರೋಮ್‌ನಲ್ಲಿ ಡೀಕನ್ ಆಗಿದ್ದವರು. ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನವರು. ಚರ್ಚಿನ ಹಣ ನೋಡಿಕೊಳ್ಳುವುದು, ಬಡವರಿಗೆ ಹಂಚುವುದು ಅವರ ಕೆಲಸ. ಕ್ರಿ.ಶ. 258ರಲ್ಲಿ ಚಕ್ರವರ್ತಿ ವಲೇರಿಯನ್ ಬಿಷಪ್, ಪಾದ್ರಿ, ಡೀಕನ್‌ಗಳನ್ನು ಕೂಡಲೇ ಕೊಲ್ಲಬೇಕೆಂದು ಆಜ್ಞೆ ಮಾಡಿದ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್‌ರನ್ನು ಸ್ಮಶಾನದಲ್ಲೇ ಹಿಡಿದು ಕೊಂದರು. 10ರಂದು ಲಾರೆನ್ಸರನ್ನು.

ನಡುವಿನ ಆ ದಿನಗಳ ಕಥೆಯೇ ನನಗೆ ಜಾಸ್ತಿ ಇಷ್ಟ. ಚರ್ಚಿನ ಸಂಪತ್ತೆಲ್ಲ ತಂದು ಒಪ್ಪಿಸು ಅಂದರು ಅಧಿಕಾರಿಗಳು. ಲಾರೆನ್ಸರು ಸ್ವಲ್ಪ ಗಡುವು ಕೇಳಿ ಪಡೆದರು. ಅಷ್ಟರಲ್ಲಿ ಇದ್ದುದನ್ನೆಲ್ಲ ಹಂಚಿಬಿಟ್ಟರು. ಗಡುವಿನ ದಿನ ಬಂದರು, ಹಿಂದೆ ಜನರ ಸಾಲು: ಕಣ್ಣು ಕಾಣದವರು, ನಡೆಯಲಾರದವರು, ಹೊಟ್ಟೆಗಿಲ್ಲದವರು. ಚರ್ಚಿನ ಸಂಪತ್ತು ಇವರೇ, ಎಣಿಸಿಕೊಳ್ಳಿ ಎಂಬಂತೆ ಅವರನ್ನು ತೋರಿಸಿದರು. ಆ ಸಿಟ್ಟಿಗೆ ಅವರನ್ನು ಜಾಲರಿಯ ಮೇಲೆ ಸುಟ್ಟರು ಎನ್ನುತ್ತಾರೆ. ಒಂದು ಮಗ್ಗುಲು ಬೆಂದಿದೆ, ತಿರುಗಿಸಿ ಅಂದರಂತೆ. ಅಡುಗೆಯವರು ಅವರನ್ನು ತಮ್ಮ ಪಾಲಕ ಸಂತ ಎಂದುಕೊಂಡಿರುವುದು ಇದರಿಂದಲೇ.

ಆದರೆ ಇದನ್ನೆಲ್ಲ ಬರೆದಿಟ್ಟವರು ಮಿಲಾನಿನ ಬಿಷಪ್ ಆಂಬ್ರೋಸ್, ಸುಮಾರು 130 ವರ್ಷ ಕಳೆದ ಮೇಲೆ. ಬರೀ ತಲೆ ಕಡಿದಿರಬೇಕು, ಜಾಲರಿ ಆಮೇಲೆ ಸೇರಿದ್ದು ಅನ್ನುವ ವಿದ್ವಾಂಸರು ತುಂಬಾ ಜನ ಇದ್ದಾರೆ. ನನಗೂ ಹಾಗೇ ಅನಿಸುತ್ತದೆ. ಜಾಲರಿಯನ್ನು ಬಿಟ್ಟುಕೊಡಬಲ್ಲೆ, ಆ ಬಡವರ ಸಾಲನ್ನು ಮಾತ್ರ ಬಿಡಲಾರೆ. ಬಡವರಿಗೆ ಹಂಚುವುದೇ ಕೆಲಸವಾಗಿದ್ದ ಮನುಷ್ಯ ಬೇರೆ ಇನ್ನೇನು ತೋರಿಸಿಯಾರು?

ರೋಮ್‌ನಲ್ಲಿ ಅವರ ಸಮಾಧಿಯ ಬಳಿ ಚಕ್ರವರ್ತಿ ಕಾನ್‌ಸ್ಟಂಟೈನ್ ಚರ್ಚು ಕಟ್ಟಿಸಿದ. ಅದೇ ಜಾಗದಲ್ಲಿ ಇವತ್ತೂ ಅವರ ಹೆಸರಿನ ಬಸಿಲಿಕಾ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಚರ್ಚು, ಇದೆ. ನಮ್ಮಲ್ಲಿ ಕಾರ್ಕಳದ ಹತ್ತಿರದ ಅತ್ತೂರು ಚರ್ಚು ಅವರದೇ. 2016ರಲ್ಲಿ ಅದೂ ಬಸಿಲಿಕಾ ಆಯಿತು. ಜನವರಿಯ ಜಾತ್ರೆಗೆ ಎಲ್ಲ ಜಾತಿ, ಧರ್ಮದವರೂ ಬಂದು ಮೊಂಬತ್ತಿ ಹಚ್ಚುತ್ತಾರೆ. ದಾರಿಯುದ್ದಕ್ಕೂ ಭಿಕ್ಷೆಗೆ ಕೂತವರು ಇರುತ್ತಿದ್ದರು. ಅಮ್ಮ ಮೊದಲೇ ನೋಟು ಮುರಿಸಿ, ಚಿಲ್ಲರೆಯನ್ನು ನನ್ನ ಕೈಗೆ ಸುರಿದು, "ಒಬ್ಬರನ್ನೂ ಬಿಡಬೇಡ" ಎನ್ನುತ್ತಿದ್ದರು. ಮೊಂಬತ್ತಿ ಆಮೇಲೆ.