ಹ್ಯೂಸ್ಟನ್‌ನಲ್ಲಿ ನಾಸಾ, ದೇವಸ್ಥಾನ ಬಿಟ್ಟರೆ ಏನಿದೆ?

ನಿಮ್ಮ ಪ್ರಶ್ನೆ ಇದು: ಮಗ ಹ್ಯೂಸ್ಟನ್‌ನಲ್ಲಿ ಕೆಲಸಕ್ಕೆ ಸೇರಿದ್ದಾನೆ, ಮಾರ್ಚ್‌ನಲ್ಲಿ ನೀವಿಬ್ಬರೂ ಮೂರು ವಾರಕ್ಕೆ ಬರುತ್ತಿದ್ದೀರಿ. ನಾಸಾ, ಮೀನಾಕ್ಷಿ ದೇವಸ್ಥಾನ, ಗ್ಯಾಲ್ವೆಸ್ಟನ್ ಬೀಚ್ ಮುಗಿದರೆ ಆ ಊರಲ್ಲಿ ನೋಡೋಕೆ ಏನೂ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದಾರೆ, ನಿಜವಾ? ನೀವು ಸಸ್ಯಾಹಾರಿ, ಯಜಮಾನರು ಎಲ್ಲಾ ತಿನ್ನುತ್ತಾರೆ.

ಅವರು ಹೇಳಿದ್ದರಲ್ಲಿ ಅರ್ಧ ನಿಜ. ಈ ಊರಲ್ಲಿ ಕಾರಿನಿಂದ ಇಳಿದು ತಲೆ ಎತ್ತಿ "ಆಹಾ" ಅನ್ನುವಂಥದ್ದು ಕಡಿಮೆ. ಹೆದ್ದಾರಿ, ಪಾರ್ಕಿಂಗ್, ಮತ್ತೆ ಹೆದ್ದಾರಿ. ನಾನು ಇಲ್ಲಿ ಬಹಳ ವರ್ಷದಿಂದ ಇದ್ದೇನೆ, ಈಗಲೂ ಊರು ಚೆಂದ ಅಂತ ಹೇಳೋಕೆ ಬಾಯಿ ಬರುವುದಿಲ್ಲ. ಆದರೆ ಬೇಜಾರಿನ ಊರು ಅಂದರೆ ಮಾತ್ರ ಒಪ್ಪಲ್ಲ.

ವಿಷಯ ಏನಂದರೆ, ಇದು ಅಮೆರಿಕದ ನಾಲ್ಕನೇ ದೊಡ್ಡ ನಗರ, ನಗರದೊಳಗೇ 23 ಲಕ್ಷ ಜನ ಇದ್ದಾರೆ. ಇಷ್ಟಾದರೂ ಇಲ್ಲಿ ಝೋನಿಂಗ್ ಕಾನೂನಿಲ್ಲ. ಇಲ್ಲಿ ಮನೆ, ಅಲ್ಲಿ ಅಂಗಡಿ, ಆಚೆ ಗ್ಯಾರೇಜು ಅಂತ ಯಾರೂ ಗೆರೆ ಎಳೆದಿಲ್ಲ. ಹಾಗಾಗಿ ಒಳ್ಳೆಯ ಹೋಟೆಲ್ ಟೈರ್ ಅಂಗಡಿ ಮತ್ತು ಲಾಂಡ್ರಿ ಮಧ್ಯೆ ಇರುತ್ತದೆ. ಹೊರಗಿನಿಂದ ನೋಡಿದರೆ ಒಳಗೆ ಕಾಲಿಡೋಕೂ ಮನಸ್ಸಾಗಲ್ಲ. ಊರಿಗೆ ಕೆಟ್ಟ ಹೆಸರು ಬಂದದ್ದೂ ಇದರಿಂದ, ಬಾಡಿಗೆ ಕಮ್ಮಿ ಇದ್ದು ಹೊಸಬರು ಧೈರ್ಯವಾಗಿ ಅಂಗಡಿ ತೆರೆದದ್ದೂ ಇದರಿಂದ. ನೀವು ಒಂದು ದಿನಕ್ಕೆ ಒಂದೇ ಏರಿಯಾ ಹಿಡಿಯಿರಿ, ಅಲ್ಲೇ ತಿಂದು, ಅಲ್ಲೇ ಸುತ್ತಿ ಬನ್ನಿ. ಒಂದೇ ದಿನ ಊರ ಮೂರು ಮೂಲೆ ಮುಟ್ಟೋಕೆ ಹೋದರೆ ದಿನವೆಲ್ಲಾ ಕಾರಲ್ಲೇ ಕಳೆಯುತ್ತೀರಿ.

ನನ್ನನ್ನು ಕೇಳಿದರೆ ಮೊದಲು ಬೆಲೇರ್ ಬೊಲೆವಾರ್ಡ್‌ಗೆ ಹೋಗಿ. ಏಷ್ಯಾಟೌನ್ ಅಂತಾರೆ. ಊರಿನ ನೈರುತ್ಯಕ್ಕೆ, ಬೆಲ್ಟ್‌ವೇ 8 ಅನ್ನುವ ರಿಂಗ್ ರೋಡಿನ ಅಕ್ಕಪಕ್ಕ ಮೈಲಿಗಟ್ಟಲೆ ಹಬ್ಬಿದೆ. ರಸ್ತೆ ಫಲಕಗಳಲ್ಲಿ ಚೀನೀ, ವಿಯೆಟ್ನಾಮಿ ಅಕ್ಷರಗಳೂ ಇವೆ. 1975ರಲ್ಲಿ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಕಮ್ಯುನಿಸ್ಟರ ಕೈಗೆ ಬಿದ್ದ ಮೇಲೆ ಬಂದ ವಿಯೆಟ್ನಾಮಿಗಳು ಈ ಕಡಲತೀರದಲ್ಲಿ ಸಿಗಡಿ ಹಿಡಿಯುವ ಕೆಲಸಕ್ಕೆ ಸೇರಿದರು, ಆಮೇಲೆ ಹೋಟೆಲ್ ತೆರೆದರು. ಅವರ ಕೈಯಲ್ಲಿ ಹುಟ್ಟಿದ್ದು ವಿಯೆಟ್-ಕೇಜನ್ ಕ್ರಾಫಿಷ್. ನಿಮ್ಮ ಯಜಮಾನರು ಇದನ್ನು ತಿನ್ನದೆ ವಾಪಸ್ ಬರಬಾರದು. ಸಂಕ್ರಾಂತಿ ಕಳೆದ ಮೇಲೆ ಸೀಸನ್ ಶುರುವಾಗಿ ಜೂನ್‌ವರೆಗೆ ಇರುತ್ತದೆ, ಮಾರ್ಚ್ ಅಂದರೆ ಸರಿಯಾದ ಹೊತ್ತು.

ಕ್ರಾಫಿಷ್ ನೋಡೋಕೆ ಬೆರಳುದ್ದದ ಲಾಬ್‌ಸ್ಟರ್. ಪಕ್ಕದ ಲೂಸಿಯಾನಾ ರಾಜ್ಯದಲ್ಲಿ ಭತ್ತದ ಗದ್ದೆಯಲ್ಲೇ ಸಾಕುತ್ತಾರೆ. ಅಲ್ಲಿಯ ಕೇಜನ್ ಜನ ಖಾರದ ಮಸಾಲೆ ನೀರಲ್ಲಿ ಬೇಯಿಸಿ ಹಾಗೇ ಬಡಿಸುತ್ತಾರೆ. ವಿಯೆಟ್ನಾಮಿಗಳು ಬೇಯಿಸಿದ ಮೇಲೆ ಬೆಣ್ಣೆ, ಸಿಕ್ಕಾಪಟ್ಟೆ ಬೆಳ್ಳುಳ್ಳಿಯಲ್ಲಿ ಹೊರಳಿಸುತ್ತಾರೆ. ಮೇಜಿನ ಮೇಲೆ ಕಾಗದ ಹಾಸಿ, ಪೌಂಡ್ ಲೆಕ್ಕದಲ್ಲಿ ತಂದು ಇಡುತ್ತಾರೆ. ತಲೆಯನ್ನು ಒಂದು ತಿರುವು ತಿರುವಿ ಕೀಳಬೇಕು, ಬಾಲದ ಮೊದಲ ಉಂಗುರ ಬಿಡಿಸಬೇಕು, ತುದಿಯನ್ನು ಚಿವುಟಿ ಮಾಂಸ ಎಳೆಯಬೇಕು. ಆಮೇಲೆ ನಿಂಬೆರಸ, ಉಪ್ಪು, ಕಾಳುಮೆಣಸಿನ ಪುಡಿಯಲ್ಲಿ ಅದ್ದಿ ಬಾಯಿಗೆ. ರಾಶಿ ಸಿಪ್ಪೆಗೆ ಚೂರು ಮಾಂಸ, ಹಾಗಾಗಿ ಅವಸರದವರ ಊಟ ಅಲ್ಲ. ಬಿಳಿ ಅಂಗಿ ಬೇಡ ಅಂತ ಮೊದಲೇ ಹೇಳಿಬಿಡಿ. ಕೈಯಿಂದ ಬೆಳ್ಳುಳ್ಳಿ ವಾಸನೆ ಮರುದಿನದವರೆಗೂ ಹೋಗಲ್ಲ.

ನಿಮಗೂ ಅಲ್ಲಿ ಊಟ ಇದೆ. ವಿಯೆಟ್ನಾಮಿ ಮೆನುವಿನಲ್ಲಿ "ಚಾಯ್" ಅಂತ ಇದ್ದರೆ ಸಸ್ಯಾಹಾರ. ಅಲ್ಲಿನ ಬೌದ್ಧರು ಹುಣ್ಣಿಮೆ ಅಮಾವಾಸ್ಯೆಗೆ ಮಾಂಸ ಬಿಡುವವರು, ಹಾಗಾಗಿ ಇದು ಅವರಿಗೆ ಹೊಸದಲ್ಲ. ತೋಫು ಹಾಕಿದ ಬಾನ್‌ಮಿ ಕೇಳಿ. ಗರಿಗರಿ ಬ್ರೆಡ್, ಒಳಗೆ ಹುಳಿ ಕ್ಯಾರೆಟ್, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ. ಫಿಶ್ ಸಾಸ್ ಬೇಡ ಅಂತ ಬಾಯಿಬಿಟ್ಟು ಹೇಳಿ. ಫೋ ಅನ್ನುವ ನೂಡಲ್ ಸಾರಿನಿಂದ ದೂರ ಇರಿ. ಮೇಲೆ ತರಕಾರಿ ತೇಲುತ್ತಿದ್ದರೂ ಸಾರು ಸಾಮಾನ್ಯವಾಗಿ ದನದ ಮೂಳೆಯದು. ಜೊತೆಗೆ ಕಬ್ಬಿನ ಹಾಲು ಸಿಗುತ್ತದೆ, ಪುಟ್ಟ ಕಿತ್ತಳೆ ಹಿಂಡಿ ಕೊಡುತ್ತಾರೆ. ನಮ್ಮ ಶುಂಠಿ ನಿಂಬೆಯದಕ್ಕಿಂತ ಇದೇ ಚೆನ್ನಾಗಿದೆ ಅಂದರೆ ಊರಲ್ಲಿ ಬೈಸಿಕೊಳ್ಳಬೇಕಾಗುತ್ತದೆ, ಆದರೂ ಹೇಳುತ್ತೇನೆ. ಅಲ್ಲಿನ ದೊಡ್ಡ ದಿನಸಿ ಅಂಗಡಿಗಳಲ್ಲಿ ಬಾಳೆಎಲೆ, ಬಾಳೆಹೂ, ಹಲಸು ಸಿಗುತ್ತವೆ. ಯುಗಾದಿ ನೀವಿದ್ದಾಗಲೇ ಬಂದರೆ ಮಗನ ಮನೆಯಲ್ಲಿ ಎಲೆ ಊಟಕ್ಕೆ ತೊಂದರೆ ಇಲ್ಲ.

ಸಸ್ಯಾಹಾರದ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಟೆಕ್ಸ್-ಮೆಕ್ಸ್, ಅಂದರೆ ಈ ಟೆಕ್ಸಾಸ್ ರಾಜ್ಯದ ಶೈಲಿಯ ಮೆಕ್ಸಿಕನ್ ಹೋಟೆಲಿನಲ್ಲಿ ಬೀನ್ಸ್ ಮತ್ತು ಅನ್ನ ನೋಡಿ ನಿರಾಳವಾಗಬೇಡಿ. ಅರೆದ ಬೀನ್ಸ್‌ಗೆ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುತ್ತಾರೆ. ಕೇಳಿದರೆ ಹೇಳುತ್ತಾರೆ, ಸಂಕೋಚ ಬೇಡ. ಬೆಳಗ್ಗೆ ತಿಂಡಿಗೆ ಕೊಲಾಚಿ ಅಂಗಡಿ ನೋಡಿ. ಚೆಕ್ ದೇಶದಿಂದ ಟೆಕ್ಸಾಸ್‌ಗೆ ಬಂದ ರೈತರು ತಂದ ಮೆತ್ತನೆ ಬನ್ನು. ಹಣ್ಣಿನದು, ಚೀಸ್‌ನದು ನಿಮಗೆ, ಸಾಸೇಜ್ ತುಂಬಿದ್ದು ಯಜಮಾನರಿಗೆ. ಹತ್ತು ಗಂಟೆ ಮೇಲೆ ಹೋದರೆ ಒಳ್ಳೆಯವೆಲ್ಲಾ ಖಾಲಿ.

ಇಡ್ಲಿ, ದೋಸೆ, ಚಾಟ್, ಸೀರೆ, ಪಾನ್ ಬೇಕಾದರೆ ಹಿಲ್‌ಕ್ರಾಫ್ಟ್. 2010ರಲ್ಲಿ ಅದಕ್ಕೆ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಅಂತ ಹೆಸರಿಟ್ಟರು. ಈಗ ನಮ್ಮವರೆಲ್ಲಾ ಶುಗರ್ ಲ್ಯಾಂಡ್, ಕೇಟಿ ಕಡೆ ಮನೆ ಮಾಡಿ ಅಲ್ಲೇ ಸಾಮಾನು ತರುತ್ತಾರೆ, ಹಿಲ್‌ಕ್ರಾಫ್ಟ್ ಹಳೇದಾಯ್ತು ಅಂತ ಮೂಗು ಮುರಿಯುತ್ತಾರೆ. ಸುಮ್ನೆ. ಒಂದೇ ಸಾಲಿನಲ್ಲಿ ಗುಜರಾತಿ ಮಿಠಾಯಿ, ತಮಿಳರ ತಟ್ಟೆ ಊಟ, ಪಾಕಿಸ್ತಾನಿ ನಿಹಾರಿ ಸಿಗುವ ಬೀದಿ ಹೊಸ ಬಡಾವಣೆಗಳಲ್ಲಿ ಎಲ್ಲಿದೆ ಹೇಳಿ?

ಇನ್ನು ನೋಡುವ ಜಾಗ. ಊರ ನಡುವೆ ಬಫೆಲೋ ಬಾಯೂ ಹರಿಯುತ್ತದೆ. ಬಾಯೂ ಅಂದರೆ ನಿಧಾನಕ್ಕೆ ಹರಿಯುವ ಮಣ್ಣುಬಣ್ಣದ ಹೊಳೆ. ಅದರ ದಂಡೆಯ ಪಾರ್ಕಿನ ಹುಲ್ಲಿನ ಕೆಳಗೆ ಸಿಸ್ಟರ್ನ್ ಇದೆ. 1926ರಲ್ಲಿ ಕುಡಿಯುವ ನೀರು ತುಂಬಿಡಲು ಕಟ್ಟಿದ ನೆಲದಡಿಯ ತೊಟ್ಟಿ. ಸೋರೋಕೆ ಶುರುವಾಗಿ, ಸೋರುವ ಜಾಗ ಸಿಗದೆ, 2007ರಲ್ಲಿ ಕೈಬಿಟ್ಟರು. ಕೆಡವುವುದರಲ್ಲಿದ್ದದ್ದು ಹೇಗೋ ಉಳಿದು, 2016ರಲ್ಲಿ ಜನರಿಗೆ ತೆರೆಯಿತು. ಒಳಗೆ 221 ಕಾಂಕ್ರೀಟ್ ಕಂಬಗಳು, ಒಂದೊಂದೂ 25 ಅಡಿ, ಸಾಲು ಸಾಲಾಗಿ ಕತ್ತಲೆಯಲ್ಲಿ ನಿಂತಿವೆ. ಕೆಳಗೆ ತೆಳುವಾಗಿ ನೀರು ಬಿಟ್ಟಿದ್ದಾರೆ. ಅದು ಅಲುಗುವುದೇ ಇಲ್ಲ, ಹಾಗಾಗಿ ಕಂಬ ನೀರೊಳಗೆ ಇನ್ನೂ 25 ಅಡಿ ಇಳಿದಿರುವ ಹಾಗೆ ಕಾಣುತ್ತದೆ. ಗೈಡ್ ಒಂದು ಸಲ ಕೂಗಿ ತೋರಿಸುತ್ತಾರೆ, ಮಾರ್ದನಿ 17 ಸೆಕೆಂಡ್ ಸುತ್ತುತ್ತದೆ. ನಿಮ್ಮಲ್ಲಿ ಯಾರಿಗಾದರೂ ಹಾಡು ಬರುತ್ತಿದ್ದರೆ ಗೈಡನ್ನು ಕೇಳಿ ಒಂದು ಸಾಲು ಹಾಡಿನೋಡಿ. ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತಗೊಳ್ಳಬೇಕು. ಸುತ್ತಲೂ ಕಿರಿದಾದ ಹಾದಿ, ಅಂಚಿಗೆ ಕಂಬಿ ಇದೆ.

ಅದೇ ದಿನ ಸಂಜೆ ಅದೇ ಪಾರ್ಕಿನ ಪಶ್ಚಿಮದ ಕಡೆ ಇರುವ ವಾ ಡ್ರೈವ್ ಸೇತುವೆಗೆ ಹೋಗಿ. ಸೇತುವೆಯ ಕಾಂಕ್ರೀಟ್ ಸಂದುಗಳಲ್ಲಿ ಬಾವಲಿಗಳ ದೊಡ್ಡ ಹಿಂಡು ಇದೆ. ಆಸ್ಟಿನ್‌ನ ಬಾವಲಿ ಸೇತುವೆಗೆ ಹೆಸರು ಜಾಸ್ತಿ, ಅಲ್ಲಿಯವು ಚಳಿಗಾಲಕ್ಕೆ ವಲಸೆ ಹೋಗುತ್ತವೆ. ಇಲ್ಲಿಯವು ವರ್ಷವಿಡೀ ಇಲ್ಲೇ. ಬೆಚ್ಚಗಿನ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಹೊಗೆ ಎದ್ದ ಹಾಗೆ ಹೊರಡುತ್ತವೆ, ಕಾಯುತ್ತಿದ್ದ ಗಿಡುಗ ಒಂದೆರಡನ್ನು ಹಾರಿಸಿಕೊಂಡು ಹೋಗುವುದೂ ಉಂಟು. 2017ರ ಹಾರ್ವೆ ಚಂಡಮಾರುತದಲ್ಲಿ ಹೊಳೆ ಸೇತುವೆಯವರೆಗೆ ಏರಿ ಬಹಳ ಬಾವಲಿ ಸತ್ತವು. ಆಗ ಜನ ಮೇಲಿನಿಂದ ಬಲೆ ಇಳಿಬಿಟ್ಟು ಕೈಗೆ ಸಿಕ್ಕಷ್ಟನ್ನು ಎತ್ತಿ ಉಳಿಸಿದರು. ವಾಸನೆ ಇದೆ, ಮುಚ್ಚಿಟ್ಟು ಹೇಳಲ್ಲ. ಸೇತುವೆಯ ನೇರ ಕೆಳಗೆ ನಿಂತು ಬಾಯಿ ತೆರೆದು ಮೇಲೆ ನೋಡಬೇಡಿ.

ಮಾಂಟ್ರೋಸ್ ಬಡಾವಣೆಯಲ್ಲಿ ಮೆನಿಲ್ ಕಲೆಕ್ಷನ್ ಇದೆ. ದೊಡ್ಡ ಚಿತ್ರಸಂಗ್ರಹ, ಪೂರ್ತಿ ಉಚಿತ, ಸೋಮವಾರ ಮಂಗಳವಾರ ರಜೆ. ಸುತ್ತ ಓಕ್ ಮರಗಳು, ಒಂದೇ ಬೂದು ಬಣ್ಣ ಬಳಿದ ಹಳೇ ಮನೆಗಳು. ಈ ಊರಲ್ಲಿ ಕಾಲ್ನಡಿಗೆಗೆ ಸುಖವಾದ ಕೆಲವೇ ಜಾಗಗಳಲ್ಲಿ ಇದೊಂದು. ಪಕ್ಕದಲ್ಲೇ ಚಿತ್ರಕಾರ ಮಾರ್ಕ್ ರಾಥ್ಕೊ ಹೆಸರಿನ ಪ್ರಾರ್ಥನಾ ಮಂದಿರ, ರಾಥ್ಕೊ ಚಾಪೆಲ್. ಒಳಗೆ 14 ದೊಡ್ಡ ಚಿತ್ರಗಳು, ಎಲ್ಲಾ ಕಪ್ಪು ಕಪ್ಪು. ಊರಿಂದ ಬಂದವರನ್ನು ಕರೆದುಕೊಂಡು ಹೋದರೆ "ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ?" ಅಂತಾರೆ. ಬಾಗಿಲಲ್ಲೇ ತಿರುಗಬೇಡಿ, ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರಿ. ಮೋಡ ಸರಿದು ಮೇಲಿನ ಬೆಳಕು ಬದಲಾದಾಗ ಕಪ್ಪಿನೊಳಗೆ ನೇರಳೆ, ಕೆಂಪು ಕಾಣಿಸುತ್ತದೆ. ಆಗಲೂ ಏನೂ ಕಾಣದಿದ್ದರೆ ಹೊರಗೆ ಬನ್ನಿ, ತಪ್ಪೇನಿಲ್ಲ.

ಕಪ್ಪು ಜನರ ಹಳೇ ಬಡಾವಣೆ ಥರ್ಡ್ ವಾರ್ಡ್ ಬಗ್ಗೆ ನಮ್ಮವರು "ಆ ಕಡೆ ಹೋಗಬೇಡಿ" ಅಂತ ಹೆದರಿಸಬಹುದು. ಹಗಲು ಹೊತ್ತು ಹೋಗಿ. ಟೆಕ್ಸಾಸ್‌ನ ಗುಲಾಮರಿಗೆ ಬಿಡುಗಡೆಯ ಸುದ್ದಿ ಮುಟ್ಟಿದ್ದು 1865ರ ಜೂನ್ 19ಕ್ಕೆ, ಗ್ಯಾಲ್ವೆಸ್ಟನ್‌ನಲ್ಲಿ. ಆ ದಿನವನ್ನು ಆಚರಿಸೋಕೆ ಇಲ್ಲಿಯ ಕಪ್ಪು ಜನರಿಗೆ ಊರಲ್ಲಿ ಜಾಗ ಇರಲಿಲ್ಲ. 1872ರಲ್ಲಿ ತಾವೇ ಚಂದಾ ಎತ್ತಿ 10 ಎಕರೆ ಕೊಂಡರು. ಅದೇ ಇವತ್ತಿನ ಎಮಾನ್ಸಿಪೇಶನ್ ಪಾರ್ಕ್. ಹತ್ತಿರದಲ್ಲೇ ಪ್ರಾಜೆಕ್ಟ್ ರೋ ಹೌಸಸ್. ಬಿದ್ದುಹೋಗುತ್ತಿದ್ದ ಬಿಳಿ ಮನೆಗಳ ಸಾಲನ್ನು 1993ರಲ್ಲಿ ಕಲಾವಿದರು ಸೇರಿ ಉಳಿಸಿಕೊಂಡರು. ಮುಂಬಾಗಿಲಿಂದ ಹಿತ್ತಿಲವರೆಗೆ ಕೋಣೆಗಳು ನೇರ ಸಾಲಾಗಿ ಇರುವ ಈ ಮನೆಗಳನ್ನು ನೋಡಿದರೆ ಬೆಂಗಳೂರಿನ ಹಳೇ ವಠಾರ ನೆನಪಾಗುತ್ತದೆ. ಕೆಲವದರಲ್ಲಿ ಕಲಾಪ್ರದರ್ಶನ, ಕೆಲವದರಲ್ಲಿ ಮಕ್ಕಳನ್ನು ಒಬ್ಬರೇ ಸಾಕುವ ಎಳೆ ತಾಯಂದಿರಿಗೆ ವಸತಿ. ನಾಸಾದ ಟಿಕೆಟ್ ದುಡ್ಡಿಗಿಂತ ಇಲ್ಲಿಯ ಬಿಟ್ಟಿ ಅರ್ಧ ದಿನದಲ್ಲಿ ಈ ದೇಶ ಜಾಸ್ತಿ ಅರ್ಥವಾಗುತ್ತದೆ ಅಂತ ನನ್ನ ಲೆಕ್ಕ.

ಸಣ್ಣಪುಟ್ಟವು: ಬಿಯರ್ ಕ್ಯಾನ್ ಹೌಸ್ ಅಂತ ಒಂದು ಮನೆ ಇದೆ. ನಿವೃತ್ತರೊಬ್ಬರು ತಾವು ಕುಡಿದ ಕ್ಯಾನ್‌ಗಳನ್ನೇ ಗೋಡೆಗೆಲ್ಲಾ ಹೊದಿಸಿದ್ದಾರೆ, ಗಾಳಿ ಬಂದರೆ ಕ್ಯಾನ್ ಮುಚ್ಚಳದ ತೋರಣ ಗಲಗಲ ಅನ್ನುತ್ತದೆ. ಬೀದಿಯಿಂದಲೇ ನೋಡಿದರೆ ಸಾಕು. ಅಂತ್ಯಸಂಸ್ಕಾರದ ಮ್ಯೂಸಿಯಂ ಕೂಡ ಇದೆ, ಘಾನಾ ದೇಶದವರು ಮೀನು, ಕಾರಿನ ಆಕಾರದಲ್ಲಿ ಮಾಡಿದ ಶವಪೆಟ್ಟಿಗೆ ಸಮೇತ. ಅಪಶಕುನ ಅನಿಸಿದರೆ ಬಿಡಿ, ನನಗಂತೂ ಮಜವಾಗಿತ್ತು. ಡೌನ್‌ಟೌನ್ ಕೆಳಗಿನ ಸುರಂಗ ಮಾರ್ಗಗಳನ್ನು ಜನ ಬಹಳ ಹೊಗಳುತ್ತಾರೆ. ಆರು ಮೈಲಿಗೂ ಜಾಸ್ತಿ ಉದ್ದ ಅನ್ನುವುದು ನಿಜ, ಆದರೆ ಒಳಗಿರುವುದು ಆಫೀಸಿನವರ ಊಟದ ಅಂಗಡಿ. ಶನಿವಾರ ಭಾನುವಾರ ಮುಚ್ಚಿರುತ್ತದೆ. ಬಿಟ್ಟರೆ ನಷ್ಟವಿಲ್ಲ.

ಹೊರಗೆ ಹೋಗುವುದಾದರೆ ಎರಡು. ಪೂರ್ವಕ್ಕೆ ಸ್ಯಾನ್ ಜಸಿಂಟೊ ಸ್ಮಾರಕ, 567 ಅಡಿ, ವಾಷಿಂಗ್ಟನ್ ಸ್ಮಾರಕಕ್ಕಿಂತ ಎತ್ತರ. 1836ರಲ್ಲಿ ಟೆಕ್ಸಾಸ್ ಮೆಕ್ಸಿಕೊದ ಕೈ ತಪ್ಪಿದ್ದು ಅಲ್ಲಿ, ಕಾಳಗ 18 ನಿಮಿಷ ಅಷ್ಟೇ ಅಂತಾರೆ. ಪಕ್ಕದಲ್ಲಿ ಲಿಂಚ್‌ಬರ್ಗ್ ಫೆರಿ. ಕಾರು ಸಮೇತ ಹಡಗು ಕಾಲುವೆ ದಾಟಿಸುತ್ತಾರೆ, ಕಾಸು ಕೇಳುವುದಿಲ್ಲ. ದಾಟೋಕೆ ಕೆಲವೇ ನಿಮಿಷ, ಅಷ್ಟರಲ್ಲಿ ತೈಲ ಹಡಗು, ರಿಫೈನರಿ ಚಿಮಣಿ ಎಲ್ಲಾ ಕಣ್ಣಿಗೆ ಬೀಳುತ್ತವೆ. ಈ ಊರಿಗೆ ಸಂಬಳ ಎಲ್ಲಿಂದ ಬರುತ್ತದೆ ಅಂತ ಗೊತ್ತಾಗುತ್ತದೆ, ಮೂಗಿಗೂ.

ನೈರುತ್ಯಕ್ಕೆ ಒಂದು ಗಂಟೆ ದಾರಿಯಲ್ಲಿ ಬ್ರಾಜೋಸ್ ಬೆಂಡ್ ಪಾರ್ಕ್. ಮಾರ್ಚ್ ಬಿಸಿಲಿಗೆ ಮೊಸಳೆ ಜಾತಿಯ ಆಲಿಗೇಟರ್‌ಗಳು ಕೆರೆ ದಂಡೆಗೆ ಬಂದು ಮಲಗಿರುತ್ತವೆ, ಬೇಲಿಗೀಲಿ ಏನೂ ಇಲ್ಲ. 30 ಅಡಿ ದೂರ ಇರಿ ಅಂತ ಬೋರ್ಡ್ ಇದೆ. ಫೋಟೊಗೆ ಅಂತ ಯಜಮಾನರು ಮುಂದೆ ಹೋಗದ ಹಾಗೆ ನೋಡಿಕೊಳ್ಳಿ. ವಾರಾಂತ್ಯಕ್ಕೆ ಮೊದಲೇ ಬುಕ್ ಮಾಡಿ.

ಮಗ ಆಫೀಸಿಗೆ ಹೋದ ದಿನ ನೀವಿಬ್ಬರೇ ಹೊರಡುವುದಾದರೆ ರೈಲಿನ ಕೆಂಪು ಲೈನ್ ಒಂದೇ ಗತಿ, ಟಿಕೆಟ್ 1.25 ಡಾಲರ್. ಹರ್ಮನ್ ಪಾರ್ಕಿಗೆ ನೇರ ಹೋಗುತ್ತದೆ. ಜಪಾನಿ ತೋಟ, ಮ್ಯೂಸಿಯಂಗಳು, ಒಂದು ಗಾಂಧಿ ಪ್ರತಿಮೆ ಎಲ್ಲಾ ಅಲ್ಲೇ. ಅದರೊಳಗಿನ ಮಿಲ್ಲರ್ ಬಯಲು ರಂಗಮಂದಿರದಲ್ಲಿ ವಸಂತದಿಂದ ಉಚಿತ ಕಾರ್ಯಕ್ರಮಗಳು ನಡೆಯುತ್ತವೆ, ಸಂಜೆ ಗುಡ್ಡದ ಹುಲ್ಲಿನ ಮೇಲೆ ಚಾಪೆ ಹಾಸಿ ಕೂರಬಹುದು. ಪುಳಿಯೋಗರೆ ಕಟ್ಟಿಕೊಂಡು ಹೋಗಿ. ಮಾರ್ಚ್‌ನಲ್ಲಿ ರೋಡಿಯೊ, ಅಂದರೆ ಕೌಬಾಯ್‌ಗಳ ಗೂಳಿ ಕುದುರೆ ಸವಾರಿಯ ಜಾತ್ರೆ ಬೇರೆ ಇರುತ್ತದೆ, ಆ ವಾರಗಳಲ್ಲಿ ಸಂಜೆ ರೈಲು ಟೋಪಿ, ಬೂಟು ಹಾಕಿದವರಿಂದ ತುಂಬಿರುತ್ತದೆ. ಬೆಳಗ್ಗೆಯೇ ಹೋಗಿ ಬನ್ನಿ.

ಮಗನ ಮನೆ ಯಾವ ಕಡೆ ಅಂತ ನೀವು ಬರೆದಿಲ್ಲ. ಶುಗರ್ ಲ್ಯಾಂಡ್ ಆದರೆ ಬೆಲೇರ್, ಹಿಲ್‌ಕ್ರಾಫ್ಟ್, ಬ್ರಾಜೋಸ್ ಬೆಂಡ್ ಮೂರೂ ಸಲೀಸು. ಕೇಟಿ ಆದರೆ ಊರೊಳಗಿನದ್ದನ್ನೆಲ್ಲಾ ಶನಿವಾರ ಭಾನುವಾರಕ್ಕೆ ಇಟ್ಟುಕೊಳ್ಳಿ, ವಾರದ ದಿನ ಆ ಹೆದ್ದಾರಿಯ ಸಹವಾಸ ಬೇಡ. ಏರಿಯಾ ಹೇಳಿದರೆ ಅಲ್ಲಿಗೆ ಹತ್ತಿರದ್ದನ್ನು ನೋಡಿ ಇನ್ನಷ್ಟು ಬರೆಯುತ್ತೇನೆ.