ಆ ಗುಡ್ಡ ಬೋಳಲ್ಲ

ಪ್ರಶ್ನೆ: ಮಳೆ ನಿಂತ ಮೇಲೆ ನಮ್ಮ ಬಳಗದವರೆಲ್ಲ ಕುದುರೆಮುಖ ಹತ್ತಿ ಬಂದೆವು. ಕಾಡೆಲ್ಲ ಕಣಿವೆಗಳಲ್ಲಿ, ಗುಡ್ಡದ ಮೇಲೆ ಬರೀ ಹುಲ್ಲು. ಮರ ಕಡಿದು ಹೀಗಾಯಿತೇ? ಮುಂದಿನ ವರ್ಷ ಬೀಜದುಂಡೆ ಎಸೆದು ಬರೋಣವೆಂದಿದ್ದೇವೆ. ಇನ್ನೊಂದು, ಪ್ರಾಣಿ ಒಂದೂ ಕಾಣಲಿಲ್ಲವಲ್ಲ, ಸಿಂಗಳೀಕ ಕೂಡ?

ಉತ್ತರ: ಬೀಜದುಂಡೆ ಅಲ್ಲಿಗೆ ಖಂಡಿತ ಒಯ್ಯಬೇಡಿ. ನೀವು ಕಂಡದ್ದು ಕಡಿದುಳಿದ ಕಾಡಲ್ಲ, ಶೋಲಾ (ಕಣಿವೆಗಳಲ್ಲಿ ಬೆಳೆಯುವ ಆ ಕಾಡು) ಮತ್ತು ಹುಲ್ಲುಗಾವಲು ಒಟ್ಟಿಗೇ ಬಾಳುವ ನೆಲ. ಎತ್ತರದ ಬೋರೆಗಳಲ್ಲಿ ಮಣ್ಣು ತೆಳು, ಗಾಳಿ ಜೋರು, ಬೇಸಿಗೆಯಲ್ಲಿ ಬೆಂಕಿಯ ಕಾಟ. ಮರ ಬೇರೂರುವುದು ಮಣ್ಣು, ನೀರು ಇಳಿದು ನಿಲ್ಲುವ ಮಡಿಕೆಗಳಲ್ಲಿ. ನೀಲಗಿರಿ ಬೆಟ್ಟದ ಇಂಥದೇ ನೆಲದ ಜೌಗುಮಣ್ಣನ್ನು ಪರೀಕ್ಷಿಸಿದವರಿಗೆ, 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲಿದ್ದ ಗುರುತು ಸಿಕ್ಕಿದೆ. ಆ ಕಾಲಕ್ಕೆ ಕೊಡಲಿ ಹಿಡಿದು ಹೋದವರು ಯಾರು?

ಹುಲ್ಲಿನ ಕೆಲಸವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲವೆಂಬುದು ನನ್ನ ಹಳೆಯ ತಕರಾರು. ಸುರಿದ ಮಳೆಯನ್ನು ತಡೆದು ಮಣ್ಣಿಗಿಳಿಸಿ ಶೋಲಾದ ಒರತೆಗಳಿಗೆ ದಾಟಿಸುವುದರಲ್ಲಿ ಅದರ ಪಾಲು ದೊಡ್ಡದು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇದೇ ಸಾಲಿನಲ್ಲಿದೆ. ನೀಲಗಿರಿಯಲ್ಲಿ ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬಗೆದು ಹೊರದೇಶದ ವಾಟಲ್ ಮರ ನೆಟ್ಟರು. ಅದೀಗ ತಾನಾಗಿಯೇ ಹಬ್ಬುತ್ತ, ಕಿತ್ತಷ್ಟೂ ಚಿಗುರುತ್ತಿದೆ. ಮನುಷ್ಯ ಮಾಡಿದ ಗಾಯವನ್ನೇ ಹುಡುಕುವಿರಾದರೆ ಕುದುರೆಮುಖದ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿರುವ ಕಬ್ಬಿಣದ ಗಣಿಯ ಹೂಳನ್ನು ನೋಡಿ. 1987ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರೂ ಅದಿರು ತೆಗೆಯುವುದು ನಿಂತದ್ದು 2005ರ ಕೊನೆಗೆ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ.

ಇನ್ನು ಪ್ರಾಣಿಗಳು. ಬಳಗ ಎಂದಿರಿ, ಎಷ್ಟು ಜನ, ಎಷ್ಟು ಗದ್ದಲ ಎಂದು ನಾನು ಕೇಳುವುದಿಲ್ಲ. ಕಾಟಿ, ಕಡವೆ ಹುಲ್ಲಿಗೆ ಬರುವುದು ಹೆಚ್ಚಾಗಿ ಮುಂಜಾನೆ, ಮುಸ್ಸಂಜೆ. ಸಿಂಗಳೀಕವನ್ನಂತೂ ಶಿಖರದಲ್ಲಿ ಹುಡುಕಿ ಫಲವಿಲ್ಲ. ಅದು ತಗ್ಗಿನ ನಿತ್ಯಹಸಿರು ಕಾಡಿನದು, ಮರದಿಂದ ಮರಕ್ಕೇ ಸಾಗುವಂಥದು. ಘಾಟಿ ರಸ್ತೆಯ ಮೇಲೆ ಎರಡೂ ಬದಿಯ ಕೊಂಬೆಗಳು ಕೂಡಿಕೊಂಡಿರುವಲ್ಲಿ ತಲೆಯೆತ್ತಿ ನೋಡಿ: ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೊಂದು ಕುಚ್ಚು. ಕಂಡರೆ ತಿನ್ನಲು ಏನನ್ನೂ ಎಸೆಯಬೇಡಿ. ರುಚಿ ಹತ್ತಿದ ಮಂಗ ರಸ್ತೆಗಿಳಿಯುತ್ತದೆ, ವಾಹನದಡಿ ಸಿಗುತ್ತದೆ.

ಪ್ರಶ್ನೆ: ಅದೇ ಕಾಡಿನ ಹಳ್ಳದ ಬಳಿ ನಸುಕಿನಲ್ಲಿ ಯಾರೋ ಹುಡುಗ ಸಿಳ್ಳೆ ಹಾಕಿದಂತೆ ಕೇಳಿತು. ಯಾವ ಹಕ್ಕಿ?

ಉತ್ತರ: ಮಲಬಾರ್ ಸಿಳ್ಳಾರ. ಕಡುನೀಲಿ ಮೈ, ಹಣೆ ಮತ್ತು ಹೆಗಲ ಮೇಲೆ ಹೊಳೆಯುವ ನೀಲಿ. ಬಂಡೆಗಳ ನಡುವೆ ಹುಳ, ಏಡಿ ಹಿಡಿಯುತ್ತಿರುತ್ತದೆ. ಹೊತ್ತೇರಿದ ಮೇಲೆ ಹಾಡು ಕಡಿಮೆ.