‘ಹುಟ್ಟಾ’ ಎಂಬ ಪದದ ಸುತ್ತ ಕೆಂಪು ಗೆರೆ

ಪ್ರಿಯರೇ,

ನಮಸ್ಕಾರ. ನ್ಯೂಯಾರ್ಕಿನ ಕ್ವೀನ್ಸ್‌ನಿಂದ ನೀವು ಕಳಿಸಿದ ‘ಎರಡು ವಲಸೆ, ಎರಡು ಗತಿ’ ಲೇಖನ ತಲುಪಿತು. ಜಾಕ್ಸನ್ ಹೈಟ್ಸ್‌ನ ಕೊಲಂಬಿಯನ್ನರನ್ನೂ ನೇಪಾಳಿಗಳನ್ನೂ ಅಕ್ಕಪಕ್ಕ ಇಟ್ಟು, ಇಬ್ಬರಲ್ಲಿ ಯಾರು ಅನುಕೂಲವಾಗಿದ್ದಾರೆ, ಯಾಕೆ ಎಂದು ಹೇಳಹೊರಟ ಬರಹ. ಒಂದೇ ಉಸಿರಿಗೆ ಓದಿದೆ. ಆಮೇಲೆ ಸಿಟ್ಟು ಬಂತು. ಎರಡು ದಿನ ಬಿಟ್ಟು ಮತ್ತೆ ಓದಿದೆ, ಸಿಟ್ಟು ಇಳಿಯಲಿಲ್ಲ. ಅದಕ್ಕೇ ಎರಡು ಸಾಲಿನ ವಿಷಾದಪತ್ರ ಕಳಿಸಲು ಮನಸ್ಸಾಗದೆ ಇಷ್ಟುದ್ದ ಬರೆಯುತ್ತಿದ್ದೇನೆ. ಉತ್ತರವನ್ನು ಪ್ರಕಟಿಸಬಹುದೇ ಎಂದು ಕೇಳಿದಾಗ, ಹೆಸರು ಬಿಟ್ಟು ಹಾಕಿ ಅಂದಿರಿ. ಹಾಗೇ ಮಾಡಿದ್ದೇನೆ.

ನಿಮ್ಮ ಭಾಷೆ ಚೊಕ್ಕವಾಗಿದೆ. ರೂಸ್‌ವೆಲ್ಟ್ ಅವೆನ್ಯೂದಲ್ಲಿ ತಲೆಯ ಮೇಲೆ 7ನೇ ನಂಬರಿನ ರೈಲು ಹೋಗುವಾಗ ಮಾತು ನಿಲ್ಲಿಸಿ, ಬೆಲೆಯನ್ನು ಬೆರಳಲ್ಲಿ ತೋರಿಸುವ ಆ ಅರೆಪಾ (ಮೆಕ್ಕೆಜೋಳದ ರೊಟ್ಟಿ) ಮಾರುವ ಹೆಂಗಸು ಕಣ್ಣಿಗೆ ಕಟ್ಟುತ್ತಾಳೆ. ಬಹಳ ಸಂತೋಷ.

ಈಗ ಮೂರನೇ ಪುಟಕ್ಕೆ ಬನ್ನಿ. ಬೇರೆ ಪುಟಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಈ ಒಂದು ಪ್ಯಾರಾ ಸರಿಹೋದರೆ ಮಿಕ್ಕದ್ದನ್ನು ನೀವೇ ತಿದ್ದಿಕೊಳ್ಳುತ್ತೀರಿ. ನೀವು ಬರೆದದ್ದು ಹೀಗಿದೆ:

“ಅಮೆರಿಕದಲ್ಲಿ ನೇಪಾಳಿ ಕುಟುಂಬಗಳ ಸರಾಸರಿ ಆದಾಯ ಕೊಲಂಬಿಯನ್ ಕುಟುಂಬಗಳಿಗಿಂತ ಹೆಚ್ಚು. ಕೊಲಂಬಿಯನ್ನರು ಅರವತ್ತರ ದಶಕದಿಂದ ಇಲ್ಲಿದ್ದರೂ ಹಿಂದೆ ಉಳಿದರು, ನೇಪಾಳಿಗಳು ನಿನ್ನೆ ಮೊನ್ನೆ ಬಂದು ಮುಂದೆ ಹೋದರು. ಕಾರಣ ಸ್ಪಷ್ಟ. ನೇಪಾಳಿಗಳು ಹುಟ್ಟಾ ಕಷ್ಟಸಹಿಷ್ಣುಗಳು.”

ಮೊದಲ ವಾಕ್ಯ. ನೀವು ಕೊಟ್ಟ ಅಂಕಿಗಳ ಜೊತೆ ನನಗೆ ಜಗಳವಿಲ್ಲ, ಅವು ಸರಿ ಎಂದೇ ಇಟ್ಟುಕೊಳ್ಳೋಣ. ಆದರೆ ‘ಕುಟುಂಬ’ ಎಂಬ ಪದ ಎಲ್ಲಿಂದ ಬಂತು? ಅಲ್ಲಿನ ಜನಗಣತಿಯವರು ‘ಹೌಸ್‌ಹೋಲ್ಡ್’ ಅನ್ನುವುದು ಒಂದು ಬಾಗಿಲೊಳಗೆ ವಾಸ ಇರುವ ಅಷ್ಟೂ ಮಂದಿಗೆ. ರಕ್ತಸಂಬಂಧ ಇರಬೇಕೆಂದೇನಿಲ್ಲ. ಹದಿನೈದು ತುಂಬಿದ ಎಲ್ಲರ ದುಡಿಮೆಯನ್ನೂ ಕೂಡಿಸಿ ‘ಈ ಮನೆಯ ಆದಾಯ’ ಎಂದು ಬರೆದುಕೊಳ್ಳುತ್ತಾರೆ. ಹೀಗೆ ಲೆಕ್ಕ ಹಾಕಿ ನೋಡಿ: ಎರಡು ರೂಮಿನ ಮನೆಯಲ್ಲಿ ನಾಲ್ಕು ಜನ ನೇಪಾಳಿ ಹುಡುಗರು ಬಾಡಿಗೆ ಹಂಚಿಕೊಂಡಿದ್ದಾರೆ. ಒಬ್ಬ ಊಬರ್ ಓಡಿಸುತ್ತಾನೆ, ಒಬ್ಬ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ, ಇಬ್ಬರು ಹೋಟೆಲ್ ಅಡುಗೆಮನೆಯಲ್ಲಿ. ಒಬ್ಬೊಬ್ಬರಿಗೂ ವರ್ಷಕ್ಕೆ 25,000 ಡಾಲರ್ ಬಂದರೆ ಆ ಮನೆಯ ಆದಾಯ 1,00,000 ಡಾಲರ್. ಪಕ್ಕದ ಮನೆಯಲ್ಲಿ ಒಬ್ಬ ಕೊಲಂಬಿಯನ್ ತಾಯಿ, ಇಬ್ಬರು ಶಾಲೆಗೆ ಹೋಗುವ ಮಕ್ಕಳು. ಆಕೆಗೆ 45,000 ಬರುತ್ತದೆ. ನಿಮ್ಮ ವಾಕ್ಯದ ಪ್ರಕಾರ ಮೊದಲನೆಯದು ಎರಡರಷ್ಟು ಅನುಕೂಲಸ್ಥ ‘ಕುಟುಂಬ’. ಮೊದಲ ಮನೆಯಲ್ಲಿ ಒಬ್ಬ ಹಾಸಿಗೆಯಿಂದ ಎದ್ದ ಮೇಲೆ ಇನ್ನೊಬ್ಬ ಮಲಗುತ್ತಾನೆ ಎನ್ನುವುದು ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ.

ನಾನು ಕೂದಲು ಸೀಳುತ್ತಿದ್ದೇನೆ ಅನ್ನಿಸಬಹುದು. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆ ಕ್ವೀನ್ಸ್‌ನ ಮೇಲೆ ಸುರಿಯಿತಲ್ಲ, ಅವತ್ತು ವುಡ್‌ಸೈಡ್‌ನ ಒಂದು ನೆಲಮಾಳಿಗೆಯ ಮನೆಯಲ್ಲಿ ನೀರು ನುಗ್ಗಿ ಒಂದು ನೇಪಾಳಿ ಸಂಸಾರ ಹೋಯಿತು. ಗಂಡ, ಹೆಂಡತಿ, ಎರಡು ವರ್ಷದ ಮಗು. ಆ ಜಾಗ ನಿಮ್ಮ ಮನೆಯಿಂದ ಎರಡು ಮೂರು ಸ್ಟೇಷನ್ ದೂರ. ಆ ನಗರದಲ್ಲಿ ಜನ ನೆಲದಡಿಯಲ್ಲಿ ಯಾಕೆ ಬದುಕುತ್ತಾರೆ ಎಂದರೆ ನೆಲದ ಮೇಲಿನ ಬಾಡಿಗೆ ಕೊಟ್ಟರೆ ಊರಿಗೆ ಕಳಿಸಲು ಏನೂ ಉಳಿಯುವುದಿಲ್ಲ. ಆರ್ಥಿಕ ಸ್ಥಿತಿಯ ಬಗ್ಗೆ ಹತ್ತು ಪುಟ ಬರೆದ ನೀವು ಬಾಡಿಗೆ ಎಂಬ ಪದವನ್ನು ಒಂದು ಸಲವೂ ಬಳಸಿಲ್ಲ. ಹುಡುಕಿ ನೋಡಿದೆ.

ಇನ್ನು ‘ಸರಾಸರಿ’. ನೀವು ತೆಗೆದುಕೊಂಡ ಪಟ್ಟಿಯಲ್ಲಿರುವುದು ಮಧ್ಯಕ. ಎಲ್ಲ ಮನೆಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ಆರಿಸಿದ್ದು. ಎರಡನ್ನೂ ಒಂದೇ ಅಂದುಕೊಂಡಿದ್ದೀರಿ. ತಿದ್ದಿಕೊಳ್ಳಿ.

ಎರಡನೇ ವಾಕ್ಯದಲ್ಲಿ ‘ಕೊಲಂಬಿಯನ್ನರು’ ಅಂದಿರಿ. ಯಾವ ಕೊಲಂಬಿಯನ್ನರು? 1948ರಲ್ಲಿ ಬೊಗೊಟಾದಲ್ಲಿ ರಾಜಕೀಯ ನಾಯಕ ಗೈತಾನ್ ಕೊಲೆಯಾದ ಮೇಲೆ ಎದ್ದ ಹಿಂಸೆಯಿಂದ ತಪ್ಪಿಸಿಕೊಂಡು ಬಂದವರೇ? 1965ರ ವಲಸೆ ಕಾಯ್ದೆಯ ನಂತರ ಬಂದು ರೂಸ್‌ವೆಲ್ಟ್ ಅವೆನ್ಯೂದ ಸುತ್ತ ನೆಲೆಸಿ, ಬೊಗೊಟಾದ ಚಾಪಿನೆರೊ ಬಡಾವಣೆಯ ನೆನಪಿಗೆ ಆ ಜಾಗವನ್ನು ‘ಚಾಪಿನೆರಿತೊ’ ಅಂದವರೇ? ಎಂಬತ್ತರ ದಶಕದಲ್ಲಿ ಮಾದಕವಸ್ತು ದಂಧೆಯ ಬಾಂಬುಗಳಿಗೆ ಹೆದರಿ ಬಂದವರೇ? ತೊಂಬತ್ತರ ಕೊನೆಯಲ್ಲಿ ಅಲ್ಲಿನ ಬ್ಯಾಂಕುಗಳು ಕುಸಿದಾಗ ಮನೆ ಕಳೆದುಕೊಂಡು ಬಂದ ಮಧ್ಯಮ ವರ್ಗದವರೇ? ಅಥವಾ 2022, 2023ರಲ್ಲಿ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಮೆಕ್ಸಿಕೊ ಗಡಿಯಲ್ಲಿ ಬಂದು ನಿಂತವರೇ? ಜನಗಣತಿಯ ಲೆಕ್ಕದಲ್ಲಿ ಇವರೆಲ್ಲ ಒಂದೇ ಸಾಲು. ಕ್ವೀನ್ಸ್‌ನಲ್ಲೇ ಹುಟ್ಟಿ ಸ್ಪ್ಯಾನಿಷ್ ಮರೆತ ವಕೀಲನೂ, ಕಳೆದ ತಿಂಗಳು ಬಂದು ರಾಜಕೀಯ ಆಶ್ರಯಕ್ಕೆ ಅರ್ಜಿ ಹಾಕಿ ಕುಳಿತವನೂ ಅದೇ ಸಾಲಿನಲ್ಲಿದ್ದಾರೆ. ಅವರ ಸಂಖ್ಯೆ ಹತ್ತು ಲಕ್ಷ ದಾಟಿ ಎಷ್ಟೋ ಆಯಿತು. ನೇಪಾಳಿಗಳು 2010ರಲ್ಲಿ ಐವತ್ತು ಸಾವಿರದ ಆಸುಪಾಸು ಇದ್ದವರು 2020ರ ಹೊತ್ತಿಗೆ ಎರಡು ಲಕ್ಷ ದಾಟಿದರು. ಒಂದು ಕಡೆ ಮೂರು ತಲೆಮಾರು, ಇನ್ನೊಂದು ಕಡೆ ಹೆಚ್ಚಿನಂಶ ಒಂದೇ ತಲೆಮಾರು, ಅದೂ ದುಡಿಯುವ ವಯಸ್ಸಿನವರು. ಅಜ್ಜ ಮೊಮ್ಮಕ್ಕಳೆಲ್ಲ ಇರುವ ತೊಟ್ಟಿಮನೆಯನ್ನೂ ಹುಡುಗರ ಹಾಸ್ಟೆಲನ್ನೂ ಪಕ್ಕದಲ್ಲಿಟ್ಟು, ಹಾಸ್ಟೆಲಿನವರು ಚುರುಕಾಗಿದ್ದಾರೆ ಅಂದ ಹಾಗಾಯಿತು.

‘ನೇಪಾಳಿ’ ಅನ್ನುವುದೂ ಅಷ್ಟು ಸಲೀಸಲ್ಲ. ತೊಂಬತ್ತರ ಮೊದಲಲ್ಲಿ ಭೂತಾನದಿಂದ ಹೊರದಬ್ಬಿಸಿಕೊಂಡ ನೇಪಾಳಿ ಮಾತಿನ ಲ್ಹೋತ್ಸಂಪರು ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ಶಿಬಿರಗಳಲ್ಲಿ ಸುಮಾರು ಇಪ್ಪತ್ತು ವರ್ಷ ಬಿದಿರಿನ ಗುಡಿಸಲಲ್ಲಿದ್ದರು. 2008ರಿಂದ ಅವರಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಅಮೆರಿಕಕ್ಕೆ ಬಂದರು. ಒಹಾಯೊ, ಪೆನ್ಸಿಲ್ವೇನಿಯಾಗಳಲ್ಲಿ ಮಾಂಸದ ಕಾರ್ಖಾನೆಗಳಲ್ಲೂ ಗೋದಾಮುಗಳಲ್ಲೂ ದುಡಿಯುತ್ತಿದ್ದಾರೆ. ಅದೇ ಭಾಷೆ, ಅದೇ ದಶೈಂ ಹಬ್ಬ, ಅದೇ ಹಣೆಯ ಟೀಕಾ. ಜಾಕ್ಸನ್ ಹೈಟ್ಸ್‌ನ ಮೊಮೊ ಅಂಗಡಿಯವರ ಕಥೆಗೂ ಇವರ ಕಥೆಗೂ ಅಜಗಜಾಂತರ. ಇವರು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಈಗ ಕೊನೆಯ ವಾಕ್ಯ. ಸಿಟ್ಟು ಬಂದದ್ದು ಇಲ್ಲೇ.

‘ಹುಟ್ಟಾ ಕಷ್ಟಸಹಿಷ್ಣುಗಳು.’ ಹಾಗಾದರೆ ಬೆಳಗಿನ ನಾಲ್ಕು ಗಂಟೆಗೆ ಎದ್ದು ಮ್ಯಾನ್‌ಹಟನ್ನಿನ ಆಫೀಸು ಗುಡಿಸಿ, ಸಂಜೆ ಬಂದು ಮೆಕ್ಕೆಜೋಳದ ಹಿಟ್ಟು ಕಲಸಿ ರಾತ್ರಿ ಒಂದರ ತನಕ ಚಳಿಯಲ್ಲಿ ಒಲೆಯ ಮುಂದೆ ನಿಲ್ಲುತ್ತಾಳೆ ಎಂದು ನೀವೇ ಎರಡನೇ ಪುಟದಲ್ಲಿ ಬರೆದ ಆ ಅರೆಪಾ ಹೆಂಗಸು ಏನು? ಒಂದು ಪುಟದಲ್ಲಿ ಕಣ್ಣಾರೆ ಕಂಡದ್ದನ್ನು ಮುಂದಿನ ಪುಟದಲ್ಲಿ ಹೀಗೆ ಕೈಬಿಡಬಾರದು.

ಕಾರಣ ಬೇಕಿದ್ದರೆ ಯಾರು ಯಾವ ಬಾಗಿಲಿನಿಂದ ಒಳಗೆ ಬಂದರು ಎಂದು ನೋಡಬೇಕಿತ್ತು. ಬಂದ ನೇಪಾಳಿಗಳಲ್ಲಿ ಬಹಳ ಮಂದಿ ಬಂದದ್ದು ಡಿವಿ ಲಾಟರಿಯಲ್ಲಿ, ಅಂದರೆ ಕಡಿಮೆ ವಲಸಿಗರನ್ನು ಕಳಿಸಿದ ದೇಶದವರಿಗೆ ಅಮೆರಿಕ ಚೀಟಿ ಎತ್ತಿ ಕೊಡುತ್ತಿದ್ದ ವೀಸಾದಲ್ಲಿ. ಕಾಠ್ಮಂಡುವಿನ ಸೈಬರ್ ಅಂಗಡಿಗಳ ಮುಂದೆ ‘ಡಿವಿ ತುಂಬಿಸಿಕೊಡಲಾಗುವುದು’ ಎಂಬ ಬೋರ್ಡು ನೇತಾಡುತ್ತಿದ್ದ ಕಾಲ ಅದು. ಹನ್ನೆರಡು ವರ್ಷ ಓದಿರಬೇಕು, ಇಲ್ಲವೇ ಎರಡು ವರ್ಷ ತರಬೇತಿ ಬೇಡುವ ಕೆಲಸ ಮಾಡಿರಬೇಕು ಎನ್ನುವುದು ಅದರ ಷರತ್ತು. ಅಂದರೆ ಜರಡಿ ಹಿಡಿದಾಗಿದೆ. ಗೆದ್ದವರಿಗೆ ಕಾಯಂ ವಾಸದ ಹಸಿರು ಕಾರ್ಡು, ಇಳಿದ ದಿನದಿಂದಲೇ ಕೆಲಸ ಮಾಡುವ ಹಕ್ಕು. ಕೊಲಂಬಿಯಾದವರಿಗೆ ಆ ಲಾಟರಿ ಇರಲಿಲ್ಲ. ಐದು ವರ್ಷದಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚು ಜನರನ್ನು ಬೇರೆ ದಾರಿಯಲ್ಲಿ ಕಳಿಸಿದ ದೇಶಗಳನ್ನು ಅದರಿಂದ ಹೊರಗಿಡುತ್ತಿದ್ದರು, ಕೊಲಂಬಿಯಾ ಆ ಪಟ್ಟಿಯಲ್ಲಿತ್ತು. ಆಶ್ರಯ ಕೇಳಿ ಬಂದ ಕೊಲಂಬಿಯನ್ ಅರ್ಜಿ ಹಾಕಿ 150 ದಿನ ಕಾದ ಮೇಲೆ ಕೆಲಸದ ಪರವಾನಗಿಯನ್ನು ಕೇಳಬಹುದಿತ್ತು, ಅಷ್ಟೇ. ಆ 150 ದಿನ ಅವನು ಏನು ತಿಂದ? ಯಾರ ಹತ್ತಿರ ಸಾಲ ಮಾಡಿದ? ಅರ್ಧ ಕೂಲಿಗೆ ಯಾರ ಮನೆಯ ಗೋಡೆಗೆ ಬಣ್ಣ ಹೊಡೆದ? ನಿಮ್ಮ ಲೇಖನ ಇರಬೇಕಾದದ್ದು ಅಲ್ಲಿ.

ಇದನ್ನು ನಿಮಗೆ ಹೇಳಬೇಕಾಗಿ ಬಂದದ್ದೇ ನನಗೆ ನೋವು. ಲೇಖನದ ಜೊತೆಗಿನ ಪತ್ರದಲ್ಲಿ ನೀವೇ ಬರೆದಿದ್ದೀರಿ: ಹಾಸನದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕಿನಲ್ಲಿದ್ದಿರಿ, ಮದುವೆಯಾಗಿ, ಗಂಡನ ಉದ್ಯೋಗದ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಹೋದಿರಿ, ಗಂಡನ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ದಾಟುವ ತನಕ ಮೂರು ವರ್ಷ ಕೆಲಸ ಮಾಡುವ ಹಾಗಿರಲಿಲ್ಲ, ಮಧ್ಯಾಹ್ನ ಕಿಟಕಿ ಪಕ್ಕ ಕೂತು ಅಳು ಬರುತ್ತಿತ್ತು. ಆ ಮೂರು ವರ್ಷ ನಿಮ್ಮ ಸಂಪಾದನೆ ಸೊನ್ನೆ. ನೀವು ಆಗ ಸೋಮಾರಿಯಾಗಿದ್ದಿರಾ? ಹಾಸನದವರ ಸ್ವಭಾವವೇ ಹಾಗೆ ಎಂದು ಯಾರಾದರೂ ಬರೆದಿದ್ದರೆ ನಿಮಗೆ ಹೇಗಾಗುತ್ತಿತ್ತು? ಒಂದು ಕಾಗದ ಮನುಷ್ಯನ ದುಡಿಮೆಯನ್ನು ಹೇಗೆ ಕಟ್ಟಿಹಾಕುತ್ತದೆ ಎಂದು ನಿಮ್ಮಷ್ಟು ಚೆನ್ನಾಗಿ ನನಗೆ ಗೊತ್ತಿಲ್ಲ. ಗೊತ್ತಿರುವ ನೀವು ಅದನ್ನು ಪತ್ರದಲ್ಲಿ ಬರೆದಿರಿ, ಲೇಖನದಲ್ಲಿ ಬಿಟ್ಟಿರಿ.

ಈ ಪದ ನನಗೆ ಇಷ್ಟು ಚುಚ್ಚಲು ಬೇರೆ ಕಾರಣವೂ ಇದೆ. ಎಂಬತ್ತರ ದಶಕದ ಕೊನೆ, ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ ನಾನು ಕೆಲಸ ಕಲಿಯುತ್ತಿದ್ದೆ. ನಾವು ಮೇಷ್ಟ್ರು ಎನ್ನುತ್ತಿದ್ದ ಹಿರಿಯರೊಬ್ಬರು ಪುಟ ನೋಡುತ್ತಿದ್ದರು. ಜಯನಗರದ ಬೀದಿಗಳಲ್ಲಿ ರಾತ್ರಿ ಸೀಟಿ ಊದಿ, ಕೋಲು ಕುಟ್ಟಿಕೊಂಡು ಹೋಗುವ ಗೂರ್ಖಾಗಳ ಬಗ್ಗೆ ಒಂದು ಲೇಖನ ಬರೆದುಕೊಟ್ಟೆ. ‘ಹುಟ್ಟಾ ನಿಷ್ಠಾವಂತರು’ ಎಂದು ಶುರು. ಮೇಷ್ಟ್ರು ‘ಹುಟ್ಟಾ’ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು, “ಇವರು ಹುಟ್ಟಿದ್ದನ್ನು ನೀನು ನೋಡಿದ್ದೀಯೇನಯ್ಯಾ? ಹೋಗು, ಒಂದು ರಾತ್ರಿ ಅವರ ಜೊತೆ ನಡೆದು ಬಾ” ಅಂದರು.

ನಡೆದೆ. ಪಶ್ಚಿಮ ನೇಪಾಳದ ಡೋಟಿ ಕಡೆಯವನು, ನನಗಿಂತ ಎರಡು ವರ್ಷ ದೊಡ್ಡವನಿರಬಹುದು. ಅಂಗಿಯ ಒಳಜೇಬಿನಲ್ಲಿ ಎಣ್ಣೆಜಿಡ್ಡು ಹಿಡಿದ ಚಿಕ್ಕ ನೋಟ್‌ಬುಕ್. ಪ್ರತಿ ಸಾಲಿಗೂ ಒಂದು ಮನೆ, ಎದುರಿಗೆ ಐದು ರೂಪಾಯಿ ಕೊಟ್ಟವರಿಗೆ ಒಂದು ಗುರುತು, ಕೊಡದವರಿಗೆ ಖಾಲಿ. ಗೇಟಿನ ಬಣ್ಣದಿಂದ ಮನೆಗಳನ್ನು ಗುರುತಿಟ್ಟಿದ್ದ. ಮೂರು ಗಂಟೆಯ ಹೊತ್ತಿಗೆ ಕಟ್ಟುತ್ತಿದ್ದ ಮನೆಯೊಂದರ ಮರಳಿನ ಗುಡ್ಡೆಯ ಮೇಲೆ ಕೂತಾಗ ಹೇಳಿದ, ಆ ಎರಡು ಬೀದಿಯ ಪಹರೆಯನ್ನು ಊರಿಗೆ ವಾಪಸಾದ ಇನ್ನೊಬ್ಬನಿಂದ ಕೊಂಡುಕೊಂಡದ್ದಂತೆ. ಸಾಲ ಮಾಡಿ. ತಿಂಗಳಿಗೆ ಬರುವುದರಲ್ಲಿ ಅರ್ಧ ಆ ಸಾಲಕ್ಕೆ. ಅವನು ಒಂದು ರಾತ್ರಿಯೂ ತಪ್ಪಿಸದೆ ಸೀಟಿ ಊದುತ್ತಿದ್ದುದು ಯಾಕೆಂದು ಆಗ ಗೊತ್ತಾಯಿತು. ತಪ್ಪಿಸಿದರೆ ಮೊದಲ ಭಾನುವಾರ ಮನೆಯವರು ದುಡ್ಡು ಕೊಡುವುದಿಲ್ಲ. ಕೊಡದಿದ್ದರೆ ಸಾಲದವನು ಊರಲ್ಲಿ ಅಪ್ಪನ ಹೊಲಕ್ಕೆ ಬರುತ್ತಾನೆ. ನಾನು ನಿಷ್ಠೆ ಎಂದು ಬರೆದದ್ದು ಅದನ್ನು. ಬೆಳಿಗ್ಗೆ ಆಫೀಸಿಗೆ ಬಂದು ಹಳೆಯ ಲೇಖನ ಹರಿದುಹಾಕಿದೆ. ಹೊಸದನ್ನು ನಾಲ್ಕು ಸಲ ಬರೆಸಿದರು ಮೇಷ್ಟ್ರು. ಅಚ್ಚಾದಾಗ ಅರ್ಧ ಪುಟ ಬಂತು, ನನ್ನ ಹೆಸರು ಇರಲಿಲ್ಲ, ಆದರೂ ಅದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಆ ಹುಡುಗನ ಸಾಲದ ಥರದ್ದೇ ಸಾಲ ನಿಮ್ಮ ಬೀದಿಯಲ್ಲೂ ಇದೆ. ಲಾಟರಿ ಹತ್ತದ ನೇಪಾಳಿಗಳು ದಳ್ಳಾಳಿಗೆ ಲಕ್ಷಗಟ್ಟಲೆ ಸುರಿದು ದಕ್ಷಿಣ ಅಮೆರಿಕಕ್ಕೆ ಹಾರಿ, ಅಲ್ಲಿಂದ ನೆಲದ ಮೇಲೆ ಉತ್ತರಕ್ಕೆ ಬರುತ್ತಿದ್ದರು. ಅವರ ಮಾತಲ್ಲಿ ಅದು ‘ತಲ್ಲೊ ಬಾಟೊ’, ಕೆಳಗಿನ ದಾರಿ. ಕೊಲಂಬಿಯಾದ ತೀರದ ಊರುಗಳಲ್ಲಿ ದೋಣಿಗೆ ಕಾದು, ಪನಾಮಾ ಗಡಿಯ ದಾರಿಯೆನ್ ಕಾಡನ್ನು ನಡೆದು ದಾಟುತ್ತಿದ್ದರು. ನಿಮ್ಮ ಎರಡು ಸಮುದಾಯಗಳು ಜಾಕ್ಸನ್ ಹೈಟ್ಸ್‌ಗೆ ಬರುವ ಮೊದಲೇ ಅಲ್ಲೊಮ್ಮೆ ಮುಖಾಮುಖಿಯಾಗಿವೆ. ಹೋಲಿಸುವುದಾದರೆ ಅಲ್ಲಿಂದ ಶುರು ಮಾಡಬಹುದಿತ್ತು. ಆ ದಾರಿಯಲ್ಲಿ ಬಂದವನ ಗಳಿಕೆಯಲ್ಲಿ ಮೊದಲ ಕೆಲವು ವರ್ಷದ್ದು ಅವನದ್ದೇ ಅಲ್ಲ, ದಳ್ಳಾಳಿಯದು, ಬಡ್ಡಿಯವನದು.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಪಟ್ಟಿಗಳನ್ನು ಸ್ವಲ್ಪ ದಿನ ಮುಚ್ಚಿಡಿ. ನೇಪಾಳಿಗಳಲ್ಲಿ ‘ಢುಕುಟಿ’ ಇದೆ. ನಮ್ಮ ಚೀಟಿಯೇ. ಹತ್ತು ಜನ ತಿಂಗಳು ತಿಂಗಳು ಹಾಕಿ ಒಬ್ಬೊಬ್ಬರು ಒಂದೊಂದು ಸಲ ಎತ್ತುವುದು. ಕೊಲಂಬಿಯನ್ನರಲ್ಲಿ ಅದೇ ಕ್ರಮಕ್ಕೆ ‘ಕಾದೇನಾ’, ಸರಪಳಿ ಅನ್ನುತ್ತಾರೆ. ಮೆದೆಯಿನ್ ಸುತ್ತಿನ ಆಂತಿಯೋಕಿಯಾ ಕಡೆಯವರಿಗೆ ‘ನಾತಿಯೇರಾ’ ಎಂಬುದೂ ಇದೆ. ವರ್ಷವಿಡೀ ಕೂಡಿಟ್ಟು ಡಿಸೆಂಬರ್‌ನಲ್ಲಿ ಹಂಚಿಕೊಳ್ಳುವುದು. ಕ್ರಿಸ್‌ಮಸ್‌ಗೆ ಮಾಡುವ ‘ನಾತಿಯಾ’ ಎಂಬ ಹಾಲಿನ ಸಿಹಿಯಿಂದ ಆ ಹೆಸರು. ಹಾಸನದಲ್ಲಿ ನಿಮ್ಮ ಅಮ್ಮನೂ ಚೀಟಿ ಹಾಕಿರುತ್ತಾರೆ, ಯಾರು ಯಾಕೆ ಮೊದಲ ತಿಂಗಳೇ ಎತ್ತುತ್ತಾರೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅರೆಪಾದವಳನ್ನು ಕೇಳಿ: ಈ ವರ್ಷ ಕಾದೇನಾ ಹಾಕಿದ್ದೀರಾ, ಯಾವ ತಿಂಗಳು ಎತ್ತಿದಿರಿ, ಆ ದುಡ್ಡು ಎಲ್ಲಿಗೆ ಹೋಯಿತು? ಮೊಮೊ ಅಂಗಡಿಯ ಅಡುಗೆಯವನನ್ನೂ ಅದನ್ನೇ ಕೇಳಿ. ಬಾಡಿಗೆ ಎಷ್ಟು, ಆ ಬಾಡಿಗೆಯನ್ನು ಎಷ್ಟು ಜನ ಹಂಚಿಕೊಳ್ಳುತ್ತೀರಿ ಎಂದೂ ಕೇಳಿ. ಇಬ್ಬರೂ ಹೇಳಲು ಒಪ್ಪದಿರಬಹುದು. ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ. ಪ್ರತಿ ಸಲವೂ ಏನಾದರೂ ಕೊಂಡು ತಿನ್ನಿ, ಬರಿಗೈಯಲ್ಲಿ ನಿಂತು ಅವರ ವ್ಯಾಪಾರದ ಹೊತ್ತು ತಿನ್ನಬೇಡಿ.

ಹೊಸ ಕರಡು ಹತ್ತು ಪುಟ ಇರಬೇಕಾಗಿಲ್ಲ. ಮೂರು ಪುಟ ಸಾಕು. ನಿಮ್ಮ ಕಿಟಕಿಯ ಪಕ್ಕದ ಆ ಮೂರು ವರ್ಷ ಅದರಲ್ಲಿ ಬರಲಿ, ಸಂಕೋಚ ಬೇಡ. ರೈಲು ಹೋಗುವಾಗ ಬೆರಳಲ್ಲಿ ಬೆಲೆ ತೋರಿಸುವ ಸಾಲನ್ನು ಮುಟ್ಟಬೇಡಿ. ಡಿಸೆಂಬರ್ ಕಳೆದ ಮೇಲೆ, ಚೀಟಿ ದುಡ್ಡು ಯಾರ ಕೈಗೆ ಹೋಯಿತು ಎಂದು ತಿಳಿದುಕೊಂಡು ಬರೆದು ಕಳಿಸಿ. ಜನವರಿಯ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ